ಬೀದಿಯವರ ಹಿಟ್ಟು

ಅಮೆರಿಕದ ಆರ್ಟೀಸಿಯಾ ಒಂದು ಕಾಲದಲ್ಲಿ ಡಚ್ಚರ ಹಾಲಿನ ಡೇರಿಗಳ ಊರಾಗಿತ್ತು ಎಂದರೆ ಇವತ್ತು ಅಲ್ಲಿಗೆ ಇಡ್ಲಿ ರವೆ ತರಲು ಹೋಗುವವರು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. 2003ರಲ್ಲಿ ನಾವು ಅಲ್ಲಿ ಬಾಡಿಗೆ ಮನೆ ಹಿಡಿದಾಗ ಹಸುಗಳೆಲ್ಲ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಸೀರೆ ಅಂಗಡಿಗಳ ಸಾಲು ದಾಟಿ ಎರಡು ಬೀದಿ ಆಚೆ ಒಂದು ಡಚ್ ಬೇಕರಿ ಮಾತ್ರ ಉಳಿದಿತ್ತು. ಅದನ್ನು ನಡೆಸುತ್ತಿದ್ದವರು ಎಪ್ಪತ್ತು ವರ್ಷದ ಒಬ್ಬ ಮುದುಕರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸ್ಯಾನ್ ಡಿಯಾಗೋದಲ್ಲಿ ನರ್ಸ್ ಆಗಿದ್ದಳು.

ಮೊದಲ ಸಲ ಹೋದಾಗ ನಾನು ಕೇಳಿದ್ದು, "ಮೊಟ್ಟೆ ಹಾಕದೇ ಇರೋದು ಏನಾದ್ರೂ ಇದೆಯಾ?" ಎಂದು. ಅವರು ಒಣದ್ರಾಕ್ಷಿ ತುಂಬಿದ ಒಂದು ಬ್ರೆಡ್ ತೋರಿಸಿದರು.

"ಇದಕ್ಕೆ ನಮ್ಮ ಮನೆಯವರು ಮುನ್ನೂರು ವರ್ಷದಿಂದ ಮೊಟ್ಟೆ ಹಾಕಿಲ್ಲ," ಎಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ನಮ್ಮಿಬ್ಬರ ಮಾತೆಲ್ಲ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ, ನನ್ನದು ಮೈಸೂರಿನ ಇಂಗ್ಲಿಷು, ಅವರದು ಗಂಟಲಿನಿಂದ ಕೆರೆದುಕೊಂಡು ಬರುವ ಇಂಗ್ಲಿಷು. ನೆನಪಿನಲ್ಲಿ ಮಾತ್ರ ಅವರು ಯಾಕೋ ಕನ್ನಡದಲ್ಲೇ ಮಾತಾಡುತ್ತಾರೆ.

ಆ ವರ್ಷ ನನಗೆ ಗ್ರೀನ್ ಕಾರ್ಡ್ ಬಂದಿತ್ತು, ಮಗಳು ಸ್ಕೂಲಿಗೆ ಸೇರಿದ್ದಳು. ಕೌಂಟರಿಗೆ ಜನ ಬೇಕಾಗಿದ್ದಾರೆ ಎಂದು ಬೇಕರಿಯ ಬಾಗಿಲಿಗೆ ಚೀಟಿ ಅಂಟಿಸಿದ್ದನ್ನು ನೋಡಿ ಕೇಳಿದೆ, ಕೊಟ್ಟರು. ಮಗಳನ್ನು ಸ್ಕೂಲಿಗೆ ಬಿಟ್ಟು ಎಂಟೂವರೆಗೆ ಹೋದರೆ ಎರಡು ಗಂಟೆಯವರೆಗೆ ಕೆಲಸ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಮೊದಮೊದಲು ಅದು ಅವರಿಗೆ ವಿಚಿತ್ರವಾಗಿ ಕಂಡಿತು. ಆಮೇಲೆ ನಾನು ಮರೆತು ಬರೀ "ಸರ್" ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ.

ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಅವರು ಹಾಲೆಂಡಿನ ತಮ್ಮ ಮನೆಯ ಬೇಕರಿಯ ಕಥೆ ಹೇಳುತ್ತಿದ್ದರು. ಒಂದು ಹಳೆಯ ಊರು, ಊರಿನ ನಡುವೆ ಕಾಲುವೆ, ಕಾಲುವೆಯ ದಂಡೆಯ ಮೇಲೆ ಅಗಲ ಕಡಿಮೆಯಾಗಿ ಎತ್ತರಕ್ಕೆ ಎದ್ದು ನಿಂತ ಮನೆ. ಕೆಳಗೆ ಬೇಕರಿ, ಮೇಲೆ ಸಂಸಾರ. ಮನೆಗಳಿಗೆ ನಂಬರ್ ಇಲ್ಲದ ಕಾಲದಲ್ಲಿ ಗುರುತಿಗೆಂದು ಬಾಗಿಲ ಮೇಲೆ ಕೂರಿಸಿದ ಕಲ್ಲಿನಲ್ಲಿ ಮೂರು ಬ್ರೆಡ್ಡುಗಳನ್ನು ಕೆತ್ತಿದ್ದರಂತೆ. ಬಿಸಿ ಬ್ರೆಡ್ ಒಲೆಯಿಂದ ಈಚೆ ಬಂದ ಕೂಡಲೇ ಅವರ ಮುತ್ತಜ್ಜಂದಿರು ಬಾಗಿಲಲ್ಲಿ ನಿಂತು ಕೊಂಬು ಊದುತ್ತಿದ್ದರಂತೆ. ಹೊಸ್ತಿಲ ಕಲ್ಲು ಸವೆದು ಸವೆದು ನಡುವೆ ಬಟ್ಟಲಿನಂತೆ ತಗ್ಗಾಗಿತ್ತು, ಮಳೆ ಬಂದರೆ ಅದರಲ್ಲಿ ಗುಬ್ಬಿಗಳು ನೀರು ಕುಡಿಯುತ್ತಿದ್ದವು ಎನ್ನುತ್ತಿದ್ದರು. ಪ್ಲೇಗು, ಪ್ರವಾಹ, ಪರದೇಶದ ಸೈನ್ಯ, ಏನೇ ಬಂದರೂ ಆ ಒಲೆ ಆರಿರಲಿಲ್ಲವಂತೆ.

ಕೌಂಟರಿನ ಹಿಂದೆ ಆ ಮನೆಯ ಫೋಟೊ ಇತ್ತು. ಬಾಗಿಲ ಮುಂದೆ ಅಪ್ಪ, ಅಮ್ಮ, ಇಬ್ಬರು ಹುಡುಗರು, ಒಂದು ಪುಟ್ಟ ಹುಡುಗಿ. ಹುಡುಗಿಯನ್ನು ತೋರಿಸಿ ಯಾರಂಕಲ್ ಇದು ಎಂದು ಕೇಳಿದ್ದಕ್ಕೆ "ನನ್ನ ತಂಗಿ" ಎಂದರು. ಹೆಸರು ಹೇಳಿದರು. ನಮ್ಮ ನಾಲಿಗೆಗೆ ಹೊರಳದ ಹೆಸರು. ಮೂರನೇ ಸಲಕ್ಕೆ ನಾನು ಸರಿಯಾಗಿ ಹೇಳಿದಾಗ ಅವರು ಒಳಗೆ ಹೋಗಿಬಿಟ್ಟರು.

ಅದರ ಮುಂದಿನ ವರ್ಷ ಡಿಸೆಂಬರಿನಲ್ಲಿ, ಬಿಸ್ಕತ್ತಿನ ಮರದ ಅಚ್ಚುಗಳಿಗೆ ಹಿಟ್ಟು ಒತ್ತುತ್ತಾ ಕೂತಿದ್ದಾಗ, ಕೇಳದೆಯೇ ತಂಗಿಯ ವಿಷಯ ಹೇಳಿದರು. ನಾನು ಅಚ್ಚುಗಳನ್ನು ಬ್ರಷ್‌ನಿಂದ ಒರೆಸಿ ಕೊಡುತ್ತಿದ್ದೆ. ಥೇಟ್ ನಮ್ಮಮ್ಮ ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯುತ್ತಿದ್ದಂಥವೇ.

ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ. ಅವರಿಗೆ ಹನ್ನೊಂದು ವರ್ಷ, ಅಣ್ಣನಿಗೆ ಹದಿನೈದು, ತಂಗಿಗೆ ಐದು. ಜರ್ಮನ್ ಸೈನ್ಯದ ಕೈಯಲ್ಲಿದ್ದ ಊರಿಗೆ ಆಹಾರ ಬರುವುದು ನಿಂತುಹೋಗಿತ್ತು. ಜನ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿನ್ನುತ್ತಿದ್ದರು. ರೇಷನ್ನಿನಲ್ಲಿ ಬಂದ ಇಷ್ಟೇ ಇಷ್ಟು ಹಿಟ್ಟು ಅವರ ಬೇಕರಿಗೆ ಬರುತ್ತಿತ್ತು. ಬೀದಿಯ ಅಷ್ಟೂ ಮನೆಗಳ ಪಾಲು ಅದು. ಅಪ್ಪ ತೂಕ ಮಾಡಿ ಸುಟ್ಟು, ತೂಕ ಮಾಡಿ ಹಂಚುತ್ತಿದ್ದರು. ತಮ್ಮ ಮನೆಗೂ ಎಲ್ಲರಿಗೆ ಬಂದಷ್ಟೇ. ಆ ನಡುವೆ ತಂಗಿ ಕಾಯಿಲೆ ಬಿದ್ದಳು.

"ಅಮ್ಮ ಒಂದೇ ಒಂದು ಬ್ರೆಡ್ ಜಾಸ್ತಿ ಕೇಳಿದಳು. ಹಿಟ್ಟಿನ ಮೂಟೆ ಮೆಟ್ಟಿಲ ಕೆಳಗೇ ಇತ್ತು. ಅಪ್ಪ, ಇದು ಬೀದಿಯವರ ಹಿಟ್ಟು ಅಂದ. ಅಮ್ಮ ಕಾಲು ಹಿಡಿದುಕೊಂಡಳು. ಅವನು ಅಳ್ತಾ ಇದ್ದ, ಆದರೆ ಕೊಡಲಿಲ್ಲ."

ಮುನ್ನೂರು ವರ್ಷ ಊರಿಗೆ ಬ್ರೆಡ್ ಸುಟ್ಟ ಮನೆಯಲ್ಲಿ ಆ ಮಗು ಹಸಿವಿನಿಂದ ಸತ್ತಿತು. ತಾಯಿ ಆಮೇಲೆ ಇಪ್ಪತ್ತು ವರ್ಷ ಬದುಕಿದ್ದರು, ಆ ಒಲೆಯ ಒಂದು ತುಂಡನ್ನೂ ಬಾಯಿಗಿಡಲಿಲ್ಲ. ಅಣ್ಣ ಅಪ್ಪನ ಜೊತೆ ಬೇಕರಿಯಲ್ಲಿ ನಿಂತ. ಅಪ್ಪ ಮಾಡಿದ್ದು ಸರಿ ಎಂದು ಅಣ್ಣ ಒಂದು ದಿನ ಅಂದಾಗ ಇವರು ಅವನ ಮೇಲೆ ಕೈಮಾಡಿದರು. ಇಪ್ಪತ್ತೆರಡನೆಯ ವಯಸ್ಸಿಗೆ ಮನೆ ಬಿಟ್ಟು, ಡೇರಿಗಳಲ್ಲಿ ಹಾಲು ಕರೆಯುವ ಕೆಲಸ ಹುಡುಕಿಕೊಂಡು ಆರ್ಟೀಸಿಯಾಕ್ಕೆ ಬಂದರು, ಸ್ವಂತ ಬೇಕರಿ ಇಟ್ಟಿದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

ನಾನು ಸುಮ್ಮನಿರಬೇಕಿತ್ತು. ನನ್ನ ಮಗಳಿಗೂ ಆಗ ಹೆಚ್ಚುಕಡಿಮೆ ಅದೇ ವಯಸ್ಸು. "ನಾನಾಗಿದ್ರೆ ಕದ್ದಾದ್ರೂ ಕೊಡ್ತಿದ್ದೆ ಅಂಕಲ್," ಎಂದುಬಿಟ್ಟೆ.

ಅವರ ಕೈ ಅಚ್ಚಿನ ಮೇಲೆಯೇ ನಿಂತಿತು. "ಮೂಟೆ ಎಲ್ಲಿದೆ ಅಂತ ನನಗೂ ಗೊತ್ತಿತ್ತು," ಎಂದರು.

ಅವರು ಅಷ್ಟು ವರ್ಷ ಕೋಪ ಮಾಡಿಕೊಂಡಿದ್ದು ಯಾರ ಮೇಲೆ ಎಂದು ನನಗೆ ಹೊಳೆಯುವಷ್ಟರಲ್ಲಿ ಮಾತು ಬಾಯಿಂದ ಹೋಗಿಯಾಗಿತ್ತು. ಎರಡು ದಿನ ಅವರು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮನೆಯಲ್ಲಿ ನನ್ನ ಗಂಡನಿಗೆ ಹೇಳಿದರೆ, "ಅಪ್ಪ ಮಾಡಿದ್ದೇ ಸರಿ ಅಲ್ವೇನೇ? ಬೇರೆ ಮನೇಲೂ ಮಕ್ಕಳಿದ್ರಲ್ಲ," ಎಂದರು. ಅದಕ್ಕೆ ನಾವಿಬ್ಬರೂ ಜೋರಾಗಿ ಜಗಳವಾಡಿದೆವು. ಮಗಳು ರೂಮಿನಿಂದ ಬಂದು "ವೈ ಆರ್ ಯು ಫೈಟಿಂಗ್?" ಎಂದು ಕೇಳಿದಾಗಲೇ ಜಗಳ ನಿಂತಿದ್ದು.

2006ರಲ್ಲಿ ಒಂದು ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಹಾಲೆಂಡಿನಿಂದ, ಅಣ್ಣನ ಮಗಳು. ಫೋನ್ ಎತ್ತಿದ್ದು ನಾನೇ. ಅಂಕಲ್ ಡಚ್ ಭಾಷೆಯಲ್ಲಿ ಮಾತಾಡಿದರು, ಹೆಚ್ಚಿಗೆ ಕೇಳಿಸಿಕೊಂಡರು. ಆಮೇಲೆ ಹಿಟ್ಟಿನ ಕೈಯಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಅಣ್ಣ ತೀರಿಕೊಂಡಿದ್ದ. ಮಾಡುವವರಿಲ್ಲದೆ ಬೇಕರಿ ಮುಚ್ಚಿದ್ದರು, ಮನೆಯನ್ನು ಯಾರೋ ಹೋಟೆಲಿಗೆಂದು ಕೊಂಡಿದ್ದರು.

ಸಾಯುವ ಮುಂಚೆ ಅಣ್ಣ ಹೇಳಿ ಕಳಿಸಿದ ಮಾತೊಂದಿತ್ತು. ಅದನ್ನು ಅಂಕಲ್ ನನಗೆ ಎರಡು ಸಲ ಹೇಳಿದರು, ಮೊದಲ ಸಲ ನನಗೆ ಕೇಳಿಸಲಿಲ್ಲವೇನೋ ಎಂಬಂತೆ. "ಅಮ್ಮ ಹೇಳಿದ್ದೇ ಸರಿ ಅಂತ ನನಗೂ ಅನ್ನಿಸಿತ್ತು. ಆದರೆ ಅಪ್ಪನ ಜೊತೆ ಯಾರಾದರೂ ಒಬ್ಬರು ಇರಬೇಕಿತ್ತಲ್ಲ."

ಐವತ್ತು ವರ್ಷ. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಅವರು ಅಳಲಿಲ್ಲ. ಎದ್ದು ಕೈ ತೊಳೆದುಕೊಂಡು ಮತ್ತೆ ಹಿಟ್ಟಿಗೆ ನಿಂತರು, ಆದರೆ ಆ ದಿನದ ಬ್ರೆಡ್ಡಿಗೆ ಉಪ್ಪು ಹಾಕುವುದನ್ನೇ ಮರೆತರು. ಅಲ್ಲಿಂದ ಮರೆವು ಒಂದೊಂದಾಗಿ ಶುರುವಾಯಿತು. ಒಲೆ ಉರಿಯುತ್ತಿರುವುದನ್ನು ಮರೆತು ಬೀಗ ಹಾಕಿಕೊಂಡು ಹೋದ ದಿನ ನಾನೇ ಹೆದರಿ ಅವರ ಮಗಳಿಗೆ ಫೋನ್ ಮಾಡಿದೆ. 2007ರ ಬೇಸಿಗೆಯಲ್ಲಿ ಅವಳು ಬಂದು ಅಂಗಡಿ ಮುಚ್ಚಿಸಿ ಅವರನ್ನು ಸ್ಯಾನ್ ಡಿಯಾಗೋಗೆ ಕರೆದುಕೊಂಡು ಹೋದಳು. ಕಾರಿನಲ್ಲಿ ಕೂತ ಅವರು ನನ್ನ ಕಡೆ ನೋಡಲಿಲ್ಲ. ಫೋನ್ ಮಾಡಿದ್ದು ನಾನು ಎಂದು ಅವರಿಗೆ ಗೊತ್ತಾಗಿತ್ತು.

ಅದೇ ವರ್ಷದ ಕೊನೆಗೆ ನನ್ನ ಗಂಡನಿಗೆ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸವಾಗಿ ನಾವೂ ಅಲ್ಲಿಗೆ ಹೋದೆವು. ತಿಂಗಳಿಗೊಮ್ಮೆ ಅವರನ್ನು ನೋಡಿಕೊಂಡು ಬರುತ್ತಿದ್ದೆ. ಅಷ್ಟು ಹೊತ್ತಿಗೆ ಇಂಗ್ಲಿಷ್ ಅವರಿಂದ ಪೂರ್ತಿ ಜಾರಿಹೋಗಿತ್ತು. ನಾನು ಅಂಕಲ್ ಎಂದರೆ ಮುಖ ನೋಡುತ್ತಿದ್ದರು, ಅಷ್ಟೇ.

2008ರ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವರ ಮಗಳು ನನಗೆ ಕಾಫಿ ಕೊಡುತ್ತಾ, "ದಿನವಿಡೀ ನನ್ನ ಹೆಸರು ಹಿಡಿದು ಕೂಗುತ್ತಾರೆ. ಓಡಿ ಹೋದರೆ ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತಾರೆ. ಆಮೇಲೆ ಅಳುತ್ತಾರೆ," ಎಂದಳು.

ಅಷ್ಟರಲ್ಲಿ ಒಳಗಿನಿಂದ ಅವರು ಕೂಗಿದರು. ಅವಳನ್ನು ಎಲ್ಲರೂ ಚಿಕ್ಕದೊಂದು ಅಮೆರಿಕನ್ ಹೆಸರಿನಿಂದ ಕರೆಯುತ್ತಿದ್ದರು, ನಾನೂ ಹಾಗೆಯೇ. ಪೂರ್ತಿ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಫೋಟೊದಲ್ಲಿದ್ದ ಹುಡುಗಿಯ ಹೆಸರು ಅದು.

"ನಿಮ್ಮ ಅತ್ತೆಯ ವಿಷಯ ಅಪ್ಪ ಹೇಳಿಲ್ವಾ?" ಎಂದು ಕೇಳಿದೆ.

"ಯಾವ ಅತ್ತೆ?"

ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಹಿಂಜರಿದೆ. ಅವರ ಗುಟ್ಟನ್ನು ಎರಡನೆಯ ಸಲ ಬಿಟ್ಟುಕೊಟ್ಟಂತಾಗುತ್ತದೆ ಎನ್ನಿಸಿತು. ಆದರೂ ಹೇಳಿದೆ, ಮೆಟ್ಟಿಲ ಕೆಳಗಿನ ಮೂಟೆಯಿಂದ ಹಿಡಿದು ಎಲ್ಲವನ್ನೂ. ಅವಳು ಸಾವುಗಳನ್ನು ನೋಡಿದ ನರ್ಸ್. ಕೇಳುತ್ತಾ ಕೇಳುತ್ತಾ ಕಾಫಿಯ ಕಪ್ಪನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಹಾಗಾದರೆ ನಾನು ಹೋದಾಗಲೆಲ್ಲ ಅವರಿಗೆ ನಿರಾಸೆ ಆಗ್ತಿತ್ತು," ಎಂದಳು.

ನಾನು ಅವಳ ಪಕ್ಕಕ್ಕೆ ಹೋಗಿ ಕೂತೆ.

ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ಮೇಲೆ ಅವಳೇ ಫೋನ್ ಮಾಡಿದಳು. ಕೊನೆಯ ವಾರಗಳಲ್ಲಿ ಅವರು ಕೂಗಿದಾಗ ಅವಳು ಕೋಣೆಯ ಒಳಗೆ ಹೋಗುತ್ತಿರಲಿಲ್ಲವಂತೆ. ಬಾಗಿಲ ಆಚೆ ನಿಂತು, ಚಿಕ್ಕಂದಿನಲ್ಲಿ ಅಪ್ಪನಿಂದ ಕಲಿತ ನಾಲ್ಕು ಡಚ್ ಮಾತುಗಳಲ್ಲಿ, "ನಂದು ಊಟ ಆಯ್ತು, ಹೊಟ್ಟೆ ತುಂಬಿದೆ" ಎನ್ನುತ್ತಿದ್ದಳಂತೆ.

"ಅವರು ಏನಂದ್ರು?" ಎಂದು ಕೇಳಿದೆ.

"ಅಳು ನಿಲ್ಲಿಸಿ ನಿದ್ದೆ ಹೋಗ್ತಿದ್ರು."

ಹಾಗೆ ಹೇಳಿದ್ದು ತಪ್ಪಲ್ಲ ತಾನೇ ಎಂದು ಅವಳು ನನ್ನನ್ನು ಕೇಳಿದಳು. ತಪ್ಪಲ್ಲ ಎಂದೆ.