ಹೋದ ತಿಂಗಳ ಸಹಿ

ನಮ್ಮ ಮಹಡಿಯ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಒಬ್ಬ ನರ್ಸಮ್ಮ ಬಾಡಿಗೆಗಿದ್ದಾಳೆ. ಮೆಟ್ಟಿಲು ಸದ್ದಾಗಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುವವಳು. ತಿಂಗಳ ಮೊದಲ ದಿನವೇ ಬಾಡಿಗೆ ತಂದು ನನ್ನ ಕೈಗಿಡುತ್ತಾಳೆ; ಒಂದು ಸಲವೂ ತಪ್ಪಿಲ್ಲ. ನನ್ನ ಯಜಮಾನರು ಹಾಸಿಗೆ ಹಿಡಿದ ಎಂಟು ತಿಂಗಳು ಅವಳೇ ಕೆಲಸ ಮುಗಿಸಿ ಬಂದು ಅವರ ಮೈ ಒರೆಸಿ, ಮಗ್ಗುಲು ಬದಲಿಸಿ, "ಏನ್ ಮಾಲೀಕ್ರೇ, ಇವತ್ತು ಯಾರನ್ನ ಬೈದ್ರಿ?" ಎಂದು ನಗಿಸುತ್ತಿದ್ದಳು.

ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಅವಳ ಆಸ್ಪತ್ರೆಯ ಲೆಕ್ಕದ ಗುಮಾಸ್ತ ಬಾಗಿಲಿಗೆ ಬಂದು, "ಯಜಮಾನ್ರು ಇದ್ದಾರಾ?" ಎಂದ.

"ಯಾವ ಯಜಮಾನ್ರಪ್ಪಾ?"

"ಮನೆ ಮಾಲೀಕ್ರು. ನಿಮ್ಮ ಬಾಡಿಗೆಯವ್ರು ಬಾಡಿಗೆ ತೋರಿಸಿ ತೆರಿಗೆ ವಿನಾಯಿತಿ ತಗೊಳ್ತಿದ್ದಾರೆ. ರಸೀದಿ ಸರಿ ಇದ್ಯಾ ಅಂತ ಕೇಳ್ಬೇಕು. ಹೋದ ತಿಂಗಳೂ ಅವ್ರೇ ಸಹಿ ಹಾಕಿದ್ದಾರಲ್ಲ."

ರಸೀದಿ ಕೈಗಿಟ್ಟ. ನನಗೆ ಓದು ಅಷ್ಟಕ್ಕಷ್ಟೆ. ಆದರೆ ಅದು ನಲವತ್ತೆರಡು ವರ್ಷ ಕಂಡ ಸಹಿ. ಕೊನೆಯ ಗೆರೆ ನಡುಗಿತ್ತು. ಆ ನಡುಕ ಅವರ ಕೈಗೆ ಬಂದದ್ದು ಕಡೆಯ ಎಂಟು ತಿಂಗಳಲ್ಲಿ. ಒಂದು ಗಳಿಗೆ ಒಳಗಿನ ಮಂಚದ ಕಡೆ ತಿರುಗಿ ನೋಡಿಬಿಟ್ಟೆ.

"ಅವ್ರು ಹೋಗಿ ಮೂರು ವರ್ಷ ಆಯ್ತಪ್ಪಾ" ಎಂಬ ಮಾತು ಬಾಯಿಂದ ಜಾರಿತು.

ಗುಮಾಸ್ತ ರಸೀದಿಯನ್ನು ಹಿಂದಕ್ಕೆ ತೆಗೆದುಕೊಂಡ. "ಹಾಗಾದ್ರೆ ಆಕೆ ಕೆಲ್ಸ ಉಳಿಯೋದು ಕಷ್ಟ. ನಾಳೆ ಆಫೀಸಿಗೆ ಬನ್ನಿ."

ಸಂಜೆ ನರ್ಸಮ್ಮನನ್ನು ಮೆಟ್ಟಿಲಲ್ಲೇ ತಡೆದೆ. "ನೀನೇನೇ ಸಹಿ ಹಾಕಿದ್ದು?"

"ಹೂಂ ಅಕ್ಕಾ. ಕಡೇಕಡೇಗೆ ಅವರ ಕೈ ಹಿಡಿದು ನಾನೇ ಅಲ್ವಾ ಹಾಕಿಸ್ತಿದ್ದುದು? ಅವ್ರು ಹೋದ್ಮೇಲೂ ಕೈ ಹಂಗೇ ಓಡ್ತು."

"ಹಾಳಾದವಳೇ, ನನ್ನ ಕೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಕೇಳಿದ್ದೆನಲ್ಲ! ಮನೆ ಕಾಗದ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಇಲ್ದಿದ್ರೆ ನಿಮ್ಮ ಸಹಿ ನಡೆಯಲ್ವಂತೆ ಅಂದೆ. ಅವರ ಹೆಸರು ಅಳಿಸೋಕೆ ಬಂದ್ಯಾ ಅಂತ ಎರಡು ದಿನ ಊಟ ಬಿಟ್ರಿ."

ಹೌದು, ಬಿಟ್ಟಿದ್ದೆ. ಸುಳ್ಳು ಅವಳದು, ಅದಕ್ಕೆ ಮಣೆ ಹಾಕಿದ್ದು ನನ್ನ ಹಟ.

ಮರುದಿನ ಆಫೀಸಿನಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ: "ಸಹಿ ಅವರದಲ್ಲ. ಬಾಡಿಗೆ ಮಾತ್ರ ನಿಜ, ತಿಂಗಳು ತಿಂಗಳೂ ನನ್ನ ಕೈಗೇ ಬಂದಿದೆ. ಕಾಗದ ಮಾಡಿಸದೆ ಕೂತವಳು ನಾನು." ನರ್ಸಮ್ಮ ಪಕ್ಕದಲ್ಲಿ ನಿಂತು, "ಹಾಕಿದ್ದು ನಾನೇ" ಎಂದಳು.

ಹದಿನೈದು ದಿನ ಇಬ್ಬರಿಗೂ ಅನ್ನ ಇಳಿಯಲಿಲ್ಲ. ಕೊನೆಗೆ ಆಸ್ಪತ್ರೆಯ ಆದೇಶ ಬಂತು. ಮೂರು ವರ್ಷದ ವಿನಾಯಿತಿ ರದ್ದು. ತೆರಿಗೆಯೂ ದಂಡವೂ ಸಂಬಳದಲ್ಲಿ ಕಡಿತ. ಕೆಲಸ ಉಳಿಯಿತು.

ಮನೆ ಕಾಗದ ನನ್ನ ಹೆಸರಿಗಾಯಿತು. ಕಂದಾಯ ಕಚೇರಿಯವರು ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವಾಗ ಕಿಟಕಿಯತ್ತ ಮುಖ ತಿರುಗಿಸಿದೆ. ಮುಂದಿನ ತಿಂಗಳು ಮೊದಲ ರಸೀದಿಗೆ ನಾನೇ ಸಹಿ ಹಾಕಿದೆ.

"ಅಕ್ಕಾ, ಅಕ್ಷರ ಕುಣೀತಿವೆ" ಎಂದಳು.

"ಕುಣೀಲಿ ಬಿಡೇ. ನೀನು ಮಾತ್ರ ಪೆನ್ನು ಮುಟ್ಟಬೇಡ."