ಕೊಳಗದ ಮೊದಲ ಎಣಿಕೆ

ಅಕ್ಕಿಆಲೂರಿನ ಗುಡ್ಡಪ್ಪನ ಎಣಿಕೆಯಲ್ಲಿ ಒಂದು ಎಂಬ ಅಂಕಿಯೇ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಹೊಲದ ಒಡೆಯನಿಗೂ ಪಾಲಿಗೆ ಮಾಡಿದವನಿಗೂ ಭತ್ತ ಅಳೆದು ಕೊಡುವುದು ಅವನ ಕೆಲಸ. ಮೊದಲ ಕೊಳಗ ತುಂಬಿ ಸುರಿಯುವಾಗ ‘ಲಾಭಾ ಲಾಭ’ ಅನ್ನುತ್ತಿದ್ದ. ಆಮೇಲೆ ಎರಡು, ಮೂರು. ರಾಶಿ ಹೆಚ್ಚಲಿ ಎಂದು ಹಾಗೆ ಶುರು ಮಾಡುವುದು ಆ ಕಡೆಯ ಕಣಗಳ ಪದ್ಧತಿ. ಬಣವೆಯ ನೆರಳಲ್ಲಿ ಕೂತು ಎಣಿಕೆ ಕಲಿತ ಅವನ ಮಗಳು ನೀಲಾಂಬಿಕಾ, ಶಾಲೆಗೆ ಸೇರಿದ ದಿನ ಬೆರಳು ಮಡಚುತ್ತ ‘ಲಾಭ, ಎರಡು, ಮೂರು’ ಅಂದಳು. ಅಕ್ಕೋರು ನಕ್ಕು ಬೆನ್ನು ತಟ್ಟಿದರು. ಆ ನಗೆ ಅವಳಿಗೆ ನೋವು ಮಾಡಲಿಲ್ಲ.

ನೋವಾದದ್ದು ಧಾರವಾಡದಲ್ಲಿ.

ಗಣಿತ ಅಂದರೆ ನೀಲಾಂಬಿಕಾಗೆ ಬೆಲ್ಲ. ಹಾನಗಲ್ಲಿನಲ್ಲಿ ಡಿಗ್ರಿ ಮುಗಿಸಿ, ಗಣಿತದ ಟೀಚರೇ ಆಗಬೇಕೆಂದು ಹಟ ಹಿಡಿದು, ವಿಶ್ವವಿದ್ಯಾಲಯದಲ್ಲಿ ಬಿ.ಎಡ್.ಗೆ ಸೇರಿದಳು. ಅಲ್ಲಿ ಮೊದಲಿಗೇ ಯಾರನ್ನೂ ಶಾಲೆಗೆ ಕಳಿಸುವುದಿಲ್ಲ. ಜೊತೆಯವರೇ ಮಕ್ಕಳಂತೆ ಬೆಂಚಿನ ಮೇಲೆ ಕೂರುತ್ತಾರೆ, ಒಬ್ಬರು ಎದ್ದು ಪಾಠ ಮಾಡುತ್ತಾರೆ. ಬೆಂಚಿನ ಮೇಲಿನ ಈ ದೊಡ್ಡ ಮಕ್ಕಳಿದ್ದಾರಲ್ಲ, ನಿಜವಾದ ಮಕ್ಕಳಿಗಿಂತ ನೂರು ಪಾಲು ತುಂಟರು. ನೀಲಾಂಬಿಕಾ ಬೋರ್ಡಿನ ಮೇಲೆ ಸಾಲಾಗಿ ತ್ರಿಕೋನ ಬರೆದು, ಎಣಿಸಿ ತೋರಿಸಲು ಮೊದಲನೆಯದಕ್ಕೆ ಬೆರಳಿಟ್ಟಳು. ಬಾಯಿಂದ ‘ಲಾಭ’ ಎಂದು ಬಂದೇಬಿಟ್ಟಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಂಜೆಯ ಹೊತ್ತಿಗೆ ಹಾಸ್ಟೆಲ್ಲಿನ ತುಂಬ ಅವಳ ಹೆಸರೇ ಬದಲಾಗಿತ್ತು. “ಏ ಲಾಭಾ, ಊಟಕ್ಕ ಬಾರ! ಲಾಭಾ, ಬಕೀಟು ಎಲ್ಲಿಟ್ಟೀ?”

ಅಂದಿನಿಂದ ಬೋರ್ಡಿನ ಮುಂದೆ ನಿಂತರೆ ಅವಳು ಒಂದು ಎನ್ನುವ ಮೊದಲು ತಡವರಿಸುವಳು, ಆಮೇಲೆ ಲೆಕ್ಕವೇ ತಪ್ಪುವುದು. ವರ್ಷದ ಕೊನೆಗೆ ನಿಜವಾದ ಶಾಲೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರ ಎದುರು ಪಾಠ ಮಾಡಬೇಕಿತ್ತು. ಅಲ್ಲಿ ಬಾಯಿ ಕಟ್ಟಿದರೆ ಟೀಚರಾಗುವ ಆಸೆಗೆ ಅಲ್ಲಿಗೇ ಎಳ್ಳುನೀರು.

ಒಂದೇ ಕೋಣೆಯಲ್ಲಿದ್ದ ಸವಣೂರಿನ ಮದಿಹಾ ಮಾತ್ರ ನಗಲಿಲ್ಲ. ಅವಳ ಅಜ್ಜನದು ವೀಳ್ಯದೆಲೆ ವ್ಯಾಪಾರ. “ನಮ್ಮ ದಾದಾ ಎಲಿ ಎಣಸೂವಾಗ ಬರಕತ್, ಅಂದ್ರ ಹೆಚ್ಚಲಿ, ಅಂತ ಸುರು ಮಾಡ್ತಾರ. ನಿನ್ನ ಬಾಯಿ ತಪ್ತು, ನಂದು ಇನ್ನೂ ತಪ್ಪಿಲ್ಲ, ಅಷ್ಟ ಫರಕು” ಅಂದಳು. ನೀಲಾಂಬಿಕಾಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಬೋರ್ಡಿನ ಮುಂದಿನ ತಡವರಿಕೆ ಹೋಗಲಿಲ್ಲ.

ದಸರೆಯ ಹೊತ್ತಿಗೆ ಗುಡ್ಡಪ್ಪ ಮಗಳನ್ನು ನೋಡಲು ಅವಲಕ್ಕಿ ಕಟ್ಟಿಕೊಂಡು ಬಂದ. ಹಾಸ್ಟೆಲ್ಲಿನ ಗೇಟಿನಲ್ಲಿ ಕೂತಿದ್ದಾಗ ಮೇಲಿಂದ ಯಾರೋ ಕೂಗಿದರು, “ಲಾಭಾ, ನಿಮ್ಮಪ್ಪ ಬಂದಾರ!” ಗುಡ್ಡಪ್ಪ ತಲೆಯೆತ್ತಿ ನೋಡಿದ. ಮದಿಹಾಳ ಹತ್ತಿರ ಮೆಲ್ಲಗೆ ವಿಚಾರಿಸಿ ತಿಳಿದುಕೊಂಡು, ಬಸ್ಸು ಹತ್ತಿದ.

ಸಂಕ್ರಾಂತಿ ರಜೆಗೆ ಊರಿಗೆ ಹೋದ ನೀಲಾಂಬಿಕಾ ಅಪ್ಪನಿಗೆ ಬುತ್ತಿ ಒಯ್ದು ಕಣದ ಅಂಚಿನಲ್ಲಿ ನಿಂತಿದ್ದಳು. ಮಂಜಪ್ಪ ಎಂಬ ರೈತನ ರಾಶಿ. ಗುಡ್ಡಪ್ಪ ಚಪ್ಪಲಿ ಬಿಟ್ಟ, ರಾಶಿಗೆ ಕೈ ಮುಗಿದ, ಕೊಳಗ ತುಂಬಿದ, “ಒಂದು” ಅಂದ.

ಚೀಲದ ಬಾಯಿ ಹಿಡಿದಿದ್ದ ಮಂಜಪ್ಪ ಅದನ್ನು ಕೆಳಗೆ ಬಿಟ್ಟ.

“ಯಾಕ ಗುಡ್ಡಪ್ಪಾ, ನನ್ನ ರಾಶಿಗೆ ಲಾಭ ಬ್ಯಾಡೇನು? ಹಬ್ಬದ ದಿನ ಎಂಥಾ ಅಪಶಕುನ ನುಡಿತೀಯಪಾ!” ಮಂಜಪ್ಪ ಸಿಟ್ಟಿಗೆದ್ದ.

“ತಪ್ಪು ತಿಳೀಬ್ಯಾಡ್ರಿ” ಎಂದ ಗುಡ್ಡಪ್ಪ, ತಲೆ ತಗ್ಗಿಸಿ. “ಮಗಳು ಸಾಲಿ ಟೀಚರ್ ಆಗಾಕ ಕಲಿಯಾಕತ್ತಾಳ್ರಿ. ನನ್ನ ಬಾಯಾಗಿನ ಮಾತು ಅಕಿ ಬಾಯಾಗ ಬಂತಂತ ಮಂದಿ ನಗಾಕತ್ತಾರ. ನಾನು ಬಿಟ್ಟರ ಅಕೀನೂ ಬಿಡ್ತಾಳೇನೋ ಅಂತ ನೋಡಾಕತ್ತೇನ್ರಿ.”

ನೀಲಾಂಬಿಕಾ ಬುತ್ತಿ ಕೆಳಗಿಟ್ಟು, ಚಪ್ಪಲಿ ಬಿಟ್ಟು ರಾಶಿಯ ಹತ್ತಿರ ಬಂದಳು. “ಅಪ್ಪಾ, ಅದನ್ನ ರಾಶಿಗೆ ಸುರುವು. ಮೊದಲಿಂದ ಅಳಿ.”

“ನೀನ ಎಣಸವಾ” ಎಂದ ಗುಡ್ಡಪ್ಪ.

“ಲಾಭಾ ಲಾಭ” ಎಂದಳು. ಎಷ್ಟು ತಿಂಗಳಿಂದ ಸಿಕ್ಕಿಕೊಂಡಿದ್ದ ದನಿಯೋ ಏನೋ, ಪಕ್ಕದ ಗದ್ದೆಯಲ್ಲಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ ಬಂತು. ರಾಶಿ ಮುಗಿಯುವವರೆಗೂ ಅಪ್ಪ ಅಳೆದ, ಮಗಳು ಎಣಿಸಿದಳು.

ಪರೀಕ್ಷೆಯ ದಿನ ಅವಳಿಗೆ ಬಂದ ಪಾಠ ಬೀಜಗಣಿತದ ಪರಿಚಯ. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು, ಅವರ ಪಕ್ಕ ಜೊತೆಯವರು. ನೀಲಾಂಬಿಕಾ ಬಾಯಿಪಾಠ ಮಾಡಿದ್ದ ಪೀಠಿಕೆಯನ್ನು ಬಿಟ್ಟೇಬಿಟ್ಟಳು. ಬೋರ್ಡಿನ ಮೇಲೆ ‘ಲಾಭ, ಎರಡು, ಮೂರು’ ಎಂದು ಬರೆದು, ತಮ್ಮೂರಿನ ಕಣದ ಕಥೆ ಹೇಳಿ, “ಲಾಭ ಅಂದ್ರ ಎಷ್ಟು?” ಎಂದು ಕೇಳಿದಳು.

“ಒಂದು!” ಮಕ್ಕಳು ಕೂಗಿದರು.

“ನಾನು ಹೇಳೇ ಇಲ್ಲಲಾ. ಹೆಂಗ ಗೊತ್ತಾತು?”

“ಅದರ ಮುಂದ ಎರಡು ಐತಲ್ರಿ ಟೀಚರ್!” ಎಂದಳು ಕಿಟಕಿ ಪಕ್ಕದ ಹುಡುಗಿ.

ನೀಲಾಂಬಿಕಾ ಲಾಭ ಎಂಬುದನ್ನು ಒರೆಸಿ ಅಲ್ಲಿ ಎಕ್ಸ್ ಬರೆದಳು. ಹೆಸರು ಯಾವುದಾದರೇನು, ಅಕ್ಕಪಕ್ಕದವರನ್ನು ಕೇಳಿದರೆ ಬೆಲೆ ಸಿಗುತ್ತದೆ ಎಂದಳು. ಹಿಂದಿನ ಬೆಂಚಿನಲ್ಲಿ ಮದಿಹಾ ಖುಷಿಗೆ ಚಪ್ಪಾಳೆ ಹೊಡೆಯಲು ಹೋಗಿ, ಪರೀಕ್ಷಕರನ್ನು ಕಂಡು ಕೈ ಮಡಚಿಕೊಂಡಳು. ಗೆಳತಿ ಪಾಸಾದ ಸುದ್ದಿಯನ್ನು ಊರಿಗೆ ಮೊದಲು ಮುಟ್ಟಿಸಿದವಳೂ ಅವಳೇ.

ಮಗಳು ಮಾಸೂರಿನ ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ ದಿನ ಗುಡ್ಡಪ್ಪ ಹೊಸ ರುಮಾಲು ಸುತ್ತಿ ಜೊತೆಗೇ ಬಂದ. ಒಳಗೆ ಬನ್ನಿ ಎಂದು ಹೆಡ್‌ಮಾಸ್ತರರು ಕರೆದರೂ ಬಾರದೆ ಕ್ಲಾಸಿನ ಹೊರಗೆ ಪಡಸಾಲೆಯ ಕಂಬಕ್ಕೆ ಒರಗಿ ನಿಂತ. ನೀಲಾಂಬಿಕಾ ಹಾಜರಿ ಹಿಡಿದು, “ನಂಬರ್ ಒಂದು” ಎಂದಳು.

ಹೊರಗಿನಿಂದ, ತನಗೆ ತಾನೇ ಎಂಬಷ್ಟು ಮೆಲ್ಲಗೆ ಕೇಳಿಸಿತು, “ಲಾಭಾ ಲಾಭ.”

ಈಗ ಕಣಗಳಲ್ಲಿ ಯಂತ್ರ ಬಂದಿದೆ, ಭತ್ತ ತೂಕಕ್ಕೆ ಹೋಗುತ್ತದೆ. ಕೊಳಗ ನೀಲಾಂಬಿಕಾಳ ಮನೆಯ ಅಟ್ಟದ ಮೇಲಿದೆ. ಗುಡ್ಡಪ್ಪ ಇಲ್ಲ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳ ಹಾಜರಿ ಕೂಗುವಾಗ, ನಂಬರ್ ಒಂದು ಎಂದ ಮೇಲೆ ಟೀಚರು ತುಸು ನಿಂತು ಪಡಸಾಲೆಯ ಕಡೆ ನೋಡುತ್ತಾರೆ. ಯಾರೋ ತಡವಾಗಿ ಬರುವವರಿರಬೇಕು ಎಂದುಕೊಂಡು ಮಕ್ಕಳೂ ಬಾಗಿಲ ಕಡೆ ತಿರುಗುತ್ತವೆ.