ಟವಲಿನ ಕೆಳಗೆ ಕೊಟ್ಟ ಮಾತು

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಆಗೆಲ್ಲ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ತೋಟದವನ ಪರವಾಗಿ ದಲ್ಲಾಳಿ, ಎದುರಿಗೆ ಕೊಳ್ಳುವವನು, ಇಬ್ಬರ ಕೈಗಳ ಮೇಲೆ ಒಂದು ಟವಲು. ಅದರ ಕೆಳಗೆ ಬೆರಳು ಹಿಡಿದೇ ವ್ಯಾಪಾರ ಮುಗಿಯುತ್ತಿತ್ತು. ಒಪ್ಪಿದ್ದನ್ನು ತಪ್ಪುವಂತಿರಲಿಲ್ಲ, ಹೊರಗೆ ಆಡುವಂತೆಯೂ ಇರಲಿಲ್ಲ. ಬಾಯಿಬಿಟ್ಟ ದಲ್ಲಾಳಿಯ ಮುಂದೆ ಮತ್ತೆ ಯಾರೂ ಕೈ ಚಾಚುತ್ತಿರಲಿಲ್ಲ.

ಮುಖ್ತಿಯಾರ್ ಮೀಸೆ ಮೂಡುವ ಮೊದಲೇ ಈ ಕೆಲಸಕ್ಕೆ ಬಂದವರು. ಅವರ ತಂದೆಯೂ ದಲ್ಲಾಳಿಯೇ. ಮನೆಯಲ್ಲಿ ಮಾತು ಕಡಿಮೆ, ಮಂಡಿಯಲ್ಲಿ ಇನ್ನೂ ಕಡಿಮೆ. ಅವರು ಗಂಟಲು ಬಿಟ್ಟು ಕೂಗುತ್ತಿದ್ದದ್ದು ಭಾನುವಾರ ಸಂಜೆ ಮಾತ್ರ, ಒಣಗಿದ ಕೆರೆಯ ಅಂಗಳದಲ್ಲಿ, ಊರಿನ ಫುಟ್‌ಬಾಲ್ ತಂಡ ಆಡುವಾಗ.

ತಂಡ ಊರಿನದು ಎಂದು ಜನ ಹೇಳುತ್ತಿದ್ದರು. ಚೆಂಡು, ಅಂಗಿ, ಹೊರಗೆ ಹೋಗಲು, ಪೆಟ್ರೋಲ್ ಸಿಗದ ಆ ಯುದ್ಧದ ದಿನಗಳಲ್ಲಿ ಇದ್ದಿಲ ಗ್ಯಾಸಿನಿಂದ ಓಡುವ ಲಾರಿ, ಎಲ್ಲವೂ ಮಂಡಿ ಮಾಲೀಕ ಚನ್ನರಾಯಪ್ಪನವರದು. ಅವರಿಗೆ ಆಟ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದೂ ಅನ್ನಿಸಿರಲಿಲ್ಲ. ಆದರೂ ಹನ್ನೊಂದು ಜನ ಯಾರು ಎಂಬುದನ್ನು ಅವರೇ ಗೊತ್ತುಮಾಡುತ್ತಿದ್ದರು.

1942ರಲ್ಲಿ ರಸ್ತೆಯ ಆಚೆ ಬದಿ ಇನ್ನೊಂದು ಮಂಡಿ ತೆರೆಯಿತು. ತೋಟದವರು ಅತ್ತ ತಿರುಗದಂತೆ ಚನ್ನರಾಯಪ್ಪನವರು ಒಂದು ಉಪಾಯ ಕಂಡುಕೊಂಡರು. ಹೆಚ್ಚು ಹಣ್ಣು ತರುವವರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತಂಡಕ್ಕೆ ಸೇರಿಸಿದರು. ಮೇ ಮುಗಿಯುವ ಹೊತ್ತಿಗೆ ಅಂಥವರು ಐವರಾದರು. ಗೋಲು ಕಾಯುತ್ತಿದ್ದ ಹಮಾಲಿ ಸೊಣ್ಣಪ್ಪನ ಜಾಗಕ್ಕೆ ಯಲ್ದೂರಿನ ಕೋದಂಡರಾಮಪ್ಪನವರ ಮಗ ಬಂದ. ಕಪ್ಪಿಗೆ ಸೇರದ ಆಟವೊಂದರಲ್ಲಿ ಮಾಲೂರಿನವರ ಎದುರು ಆರು ಗೋಲಿನಿಂದ ಸೋತ ದಿನ ಕೆರೆ ಏರಿಯ ಮೇಲಿದ್ದವರು ಆ ಐವರಿಗೂ ಅವರವರ ತೋಟದ ಹಣ್ಣಿನ ಹೆಸರಿಟ್ಟರು.

"ಲೇ ತೋತಾಪುರಿ, ಚೆಂಡು ಅತ್ಲಾಗಿ ಹೋಯ್ತಲ್ಲೋ!"

"ರಸಪುರಿನ ಓಡ್ಸಬ್ಯಾಡ್ರೋ, ಮೆತ್ತಗಾಗೋಗ್ತಾನೆ!"

ನಗು ಹೆಚ್ಚು ದಿನ ನಡೆಯಲಿಲ್ಲ. ಮುಂದಿನ ಪಂದ್ಯ ಕೋಲಾರದಲ್ಲಿ, ಮುಳಬಾಗಿಲಿನವರ ಮೇಲೆ. ಗೆದ್ದರೆ ಕಪ್ಪಿನ ಅಂತಿಮ ಆಟ. ಸೈಕಲ್ ಅಂಗಡಿಯ ಪೀರ್ ಸಾಬ್ ಜನ ಕಟ್ಟಿಕೊಂಡು ಮುಖ್ತಿಯಾರ್ ಬಳಿಗೆ ಬಂದರು.

"ನೀನೇ ಹೋಗ್ ಭಾಯ್. ನಮ್ ಮಾತು ಕೇಳಲ್ಲ ಅವ್ರು. ನಿಂದಾದ್ರೆ ಕೇಳ್ತಾರೆ, ಮಂಡಿ ಋಣ ಐತೆ."

ಮುಖ್ತಿಯಾರ್ ಹೋದಾಗ ಚನ್ನರಾಯಪ್ಪನವರ ಸುತ್ತ ತೋಟದವರೇ ಕೂತಿದ್ದರು. ಅವರ ಮುಂದೆ ಅವರ ಮಕ್ಕಳ ಆಟದ ಮಾತು ಎತ್ತುವುದು ಹೇಗೆ? ಮುಖ್ತಿಯಾರ್ ಬಗ್ಗಿ, ಮಾಲೀಕರಿಗಷ್ಟೇ ಕೇಳುವಂತೆ, "ತಂಡದಲ್ಲಿ ತೋಟದೋರ ಮಕ್ಳು ಎಷ್ಟು ಜನ, ಅದೊಂದ್ ಮಾತು ಯಜಮಾನ್ರೇ" ಎಂದರು. ಚನ್ನರಾಯಪ್ಪನವರು ಹೆಗಲ ಮೇಲಿನ ಟವಲು ತೆಗೆದು ಕೈ ಮೇಲೆ ಹಾಸಿದರು.

ಅವರು ನಾಲ್ಕು ಬೆರಳು ಹಿಡಿದರು. ಮುಖ್ತಿಯಾರ್ ಒಂದು ಹಿಡಿದರು. ಮತ್ತೆ ಮೂರು, ಮತ್ತೆ ಒಂದು. ಕೊನೆಗೆ ಚನ್ನರಾಯಪ್ಪನವರು ಎರಡು ಬೆರಳನ್ನು ಗಟ್ಟಿಯಾಗಿ ಅಮುಕಿ ಟವಲು ಎಳೆದುಕೊಂಡರು. ಸುತ್ತಲಿದ್ದವರು ಯಾವುದೋ ಲೋಡಿನ ವ್ಯಾಪಾರ ಕುದುರಿತು ಎಂದುಕೊಂಡರು.

ಹೊರಗೆ ಪೀರ್ ಸಾಬ್ ಕಾಯುತ್ತಿದ್ದರು. "ಏನಂದ್ರು?"

"ಭಾನುವಾರ ನೋಡ್ಕೊಳ್ಳೋಣ."

"ನಮ್ ಮುಂದೂ ಟವಲ್ ಹಾಸ್ತೀಯೇನ್ ಭಾಯ್?"

ಮುಖ್ತಿಯಾರ್ ಅವರ ಹೆಗಲು ತಟ್ಟಿ ಮನೆಯ ಕಡೆ ನಡೆದರು.

ಭಾನುವಾರ ಕೋಲಾರದ ಮೈದಾನಕ್ಕೆ ಐವರೂ ಇಳಿದರು. ಗೋಲಿನಲ್ಲಿ ಕೋದಂಡರಾಮಪ್ಪನವರ ಮಗ ನಿಂತ. ಸೊಣ್ಣಪ್ಪ ಗೆರೆಯಾಚೆ ಆಟಗಾರರ ಅಂಗಿ, ಪಂಚೆಗಳ ಗಂಟು ಕಾಯುತ್ತ ಕೂತಿದ್ದ. ಅರ್ಧ ಆಟಕ್ಕೆ ಮುಳಬಾಗಿಲಿನವರು ನಾಲ್ಕು ಗೋಲು ಹೊಡೆದಿದ್ದರು. ಲಾರಿಯಲ್ಲಿ ಬಂದಿದ್ದ ಶ್ರೀನಿವಾಸಪುರದ ಜನ ಮುಳಬಾಗಿಲಿನವರಿಗೇ ಚಪ್ಪಾಳೆ ಹೊಡೆಯಲು ಶುರುಮಾಡಿದರು. ಹಿಂದಿನಿಂದ ಯಾರೋ, "ಮುಖ್ತಿಯಾರ್ ಭಾಯ್‌ಗೆ ಎಷ್ಟು ಬುಟ್ಟಿ ಹಣ್ಣು ಸಿಕ್ತಂತೆ?" ಎಂದರು.

ಮುಖ್ತಿಯಾರ್ ಎದ್ದು ಮೈದಾನದ ಅಂಚಿನಲ್ಲೇ ನಡೆದುಹೋಗಿ ಚನ್ನರಾಯಪ್ಪನವರ ಕುರ್ಚಿಯ ಮುಂದೆ ನಿಂತರು. ಪಕ್ಕದ ಬೆಂಚಿನಲ್ಲಿ ತೋಟದವರಿದ್ದರು. ಕೆರೆಯಂಗಳದಲ್ಲಿ ಕೂಗುವ ದನಿಯಲ್ಲೇ ಹೇಳಿದರು:

"ತೋಟದೋರ ಮಕ್ಳು ಇಬ್ರೇ ಅಂತ ಎರಡು ಬೆರಳು ಹಿಡಿದ್ರಿ ಯಜಮಾನ್ರೇ. ಐದು ಜನಾನ ಇಳ್ಸಿದ್ದೀರಿ."

ಚನ್ನರಾಯಪ್ಪನವರಿಗೆ ಸೋಲಿಗಿಂತ ಇದು ದೊಡ್ಡದಾಗಿ ಕಂಡಿತು. "ಏನ್ ಸಾಬ್ರೇ, ಟವಲ್ ಕೆಳಗಿನ ಮಾತನ್ನ ಬಯಲಿಗೆ ಎಳೀತೀರಾ?"

"ಅದು ಮಾತಾಗಿದ್ದಿದ್ರೆ ಅಲ್ಲೇ ಇರ್ತಿತ್ತು."

ಕೋದಂಡರಾಮಪ್ಪನವರು ಬೆಂಚಿನಿಂದ ಎದ್ದರು. "ಇರ್ರಿ, ಇರ್ರಿ. ನನ್ ಮಗನ್ನ ಮಾವಿನಕಾಯಿ ಹಂಗೆ ಬೆರಳಲ್ಲಿ ಎಣಿಸಿದ್ರಾ? ನೀವಿಬ್ರೂ ಸೇರ್ಕೊಂಡಾ?" ಚನ್ನರಾಯಪ್ಪನವರು "ಹಂಗಲ್ಲಣ್ಣಾ" ಎನ್ನುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಉಳಿದರ್ಧದಲ್ಲಿ ಇನ್ನೂ ಮೂರು ಗೋಲು ಬಿದ್ದವು.

ಸೋಮವಾರ ಮಂಡಿಯಲ್ಲಿ ಮುಖ್ತಿಯಾರ್ ಜೊತೆ ಎಲ್ಲರೂ ಮಾತಾಡಿದರು. ಚಹಾ ಕೊಡಿಸಿದರು. ಕೈ ಮಾತ್ರ ಯಾರೂ ಚಾಚಲಿಲ್ಲ. ಚಿತ್ತೂರಿನ ಹಳೆಯ ವ್ಯಾಪಾರಿಯೊಬ್ಬರು ಬದಿಗೆ ಕರೆದು, "ನೀನ್ ಮಾಡಿದ್ದು ಸರೀನೇ ಕಣಪ್ಪಾ. ಆದ್ರೆ ಇನ್ಮೇಲೆ ನನ್ ರೇಟು ನಿನ್ ಕೈಲಿಡೋಕೆ ಧೈರ್ಯ ಬರಲ್ಲ" ಎಂದರು. ತಮ್ಮ ಜಾಗದಲ್ಲಿ ಇನ್ನೊಬ್ಬ ದಲ್ಲಾಳಿ ಹೀಗೆ ಬಾಯಿಬಿಟ್ಟಿದ್ದರೆ ತಾವೂ ಅವನಿಗೆ ಕೈ ಚಾಚುತ್ತಿರಲಿಲ್ಲ ಎಂದು ಮುಖ್ತಿಯಾರ್‌ಗೆ ಗೊತ್ತಿತ್ತು.

ಮುಖ್ತಿಯಾರ್ ಹುಲ್ಲು ಹಾಸಿ ಬುಟ್ಟಿಗೆ ಹಣ್ಣು ತುಂಬುವ ಕೆಲಸ ಹಿಡಿದರು, ಅದೇ ಮಂಡಿಯಲ್ಲಿ. ಚನ್ನರಾಯಪ್ಪನವರು ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹೆಂಡತಿ ಅಮೀನಾ ಬೀ ಅವರಿಗೆ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. "ಇಷ್ಟು ವರ್ಷ ಮನೇಲಿ ಬಾಯಿ ಬಿಡದೋರು, ಬಿಟ್ಟಿದ್ದು ಅಲ್ಲೇನಾ?" ಎಂದು ಕೇಳುತ್ತಿದ್ದರು.

ಮರುವರ್ಷ ತೋಟದವರು ತಾವಾಗಿಯೇ ಮಕ್ಕಳನ್ನು ತಂಡದಿಂದ ಬಿಡಿಸಿಕೊಂಡರು. ಬೆರಳಿನ ಲೆಕ್ಕಕ್ಕೆ ಸಿಕ್ಕಿದ ಅವಮಾನ ಅವರಿಗೆ ಮರೆತಿರಲಿಲ್ಲ. ಹಣ್ಣನ್ನು ಮಾತ್ರ ಚನ್ನರಾಯಪ್ಪನವರ ಮಂಡಿಗೇ ತಂದರು, ಅಲ್ಲಿ ತೂಕ ಸರಿಯಿತ್ತು. ಸೊಣ್ಣಪ್ಪ ಗೋಲಿಗೆ ಮರಳಿದ. ತಂಡ ಕೋಲಾರದಲ್ಲಿ ಕಪ್ಪು ಗೆದ್ದಿತು.

ಬಹುಮಾನದ ಹೊತ್ತಿನಲ್ಲಿ ಚನ್ನರಾಯಪ್ಪನವರು ಎದ್ದು ನಿಂತು ಮಾತಾಡಿದರು. ಆಟ ಬಲ್ಲವರಿಗೇ ಜಾಗ ಎಂಬ ಕಟ್ಟುನಿಟ್ಟನ್ನು ತಾವೇ ತಂದದ್ದಾಗಿ ಹೇಳಿದರು. ಪೀರ್ ಸಾಬ್‌ಗೆ ಕೂತಲ್ಲಿ ಕೂರಲಾಗಲಿಲ್ಲ.

"ಎದ್ದು ಹೇಳ್ಬಿಡ್ಲಾ ಭಾಯ್?"

"ಕೂತ್ಕೊಳೋ," ಎಂದರು ಮುಖ್ತಿಯಾರ್. "ಮುಂದಿನ್ ವರ್ಷಾನೂ ಲಾರಿ ಅವ್ರೇ ಕೊಡ್ಬೇಕು."